ವಡಾಲ ಪರಿಸರದ ಕಾಲುದಾರಿಗಳು

ಮುಂಬಯಿಯ ಇತಿಹಾಸವನ್ನು ಬರೆದವರು ಕೋಟೆ, ಬಂದರು, ಗಿರಣಿ, ರೈಲುಗಳನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಈ ನಗರದ ಜನ ದಿನನಿತ್ಯ ನಂಬಿ ನಡೆಯುವ ತಮ್ಮ ಎರಡು ಕಾಲುಗಳನ್ನು ಕುರಿತು ಬರೆದವರು ಮಾತ್ರ ಕಡಮೆ. ರಾಜ್ಯೋತ್ಸವದ ಸಂಚಿಕೆಯೆಂದ ಮೇಲೆ ಕನ್ನಡ ನಾಡಿನ ಗತವೈಭವವನ್ನು ಸ್ಮರಿಸುವ ಲೇಖನಗಳಿಗೆ ಕೊರತೆಯಿರುವುದಿಲ್ಲ. ನಾವಾದರೋ ವಾಚಕರನ್ನು ನಮ್ಮ ಮನೆಬಾಗಿಲಿನ ವಡಾಲ, ಮಾಟುಂಗಾಗಳಲ್ಲಿಯೇ ತುಸು ದೂರ ನಡೆಸಿಕೊಂಡು ಹೋಗಬಯಸುತ್ತೇವೆ. ಅದಕ್ಕೆ ಕಾರಣವಿದೆ. ವಡಾಲ ರೋಡ್ ಸ್ಟೇಷನ್ನಿನಿಂದ ಫೈವ್ ಗಾರ್ಡನ್ಸಿನವರೆಗೆ, ಅಲ್ಲಿಂದ ಕಿಂಗ್ಸ್ ಸರ್ಕಲ್ಲಿನವರೆಗೆ, ಮುದುಕರು ಮಕ್ಕಳು ನಿರ್ಭಯವಾಗಿ ನಡೆಯಬಹುದಾದ, ಸೈಕಲ್ಲು ತುಳಿಯಬಹುದಾದ ಅಖಂಡವಾದ ಒಂದು ದಾರಿ ಬೇಕೆಂಬ ಮಾತು ನಮ್ಮ ಕೂಟಗಳಲ್ಲಿ ಆಗಾಗ ಬರುವುದುಂಟು. ಚಹದ ಲೋಟ ಬರಿದಾಗುವುದರೊಳಗೆ ಆ ಮಾತೂ ಮುಗಿದುಹೋಗುತ್ತದೆ. ಇಂಥ ಮಾತು ಕೃತಿಗಿಳಿಯುವುದು ಹೇಗೆ, ಇಳಿದ ಮೇಲೂ ಕೆಡುವುದು ಹೇಗೆ ಎಂಬುದಕ್ಕೆ ನಿದರ್ಶನಗಳು ನಮ್ಮ ಸುತ್ತಮುತ್ತಲೇ ಇವೆ.

ಮೊದಲು ಈ ಸ್ಥಳದ ಪೂರ್ವಕಥೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿಯಿತು. ಗಾಳಿ ಬೆಳಕು ಕಾಣದ ಇಕ್ಕಟ್ಟಾದ ಚಾಳುಗಳಲ್ಲಿ ಜನ ಸತ್ತರು. ಉಳಿದವರು ಊರು ಬಿಟ್ಟರು. ಆ ಭೀತಿಯಿಂದಲೇ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ನಗರದ ಉತ್ತರಕ್ಕಿದ್ದ ದಾದರ, ಮಾಟುಂಗಾ, ವಡಾಲ, ಸಾಯನ್‌ಗಳ ಗದ್ದೆ ತೋಟಗಳನ್ನು ಟ್ರಸ್ಟು ವಶಪಡಿಸಿಕೊಂಡು, ಅಗಲವಾದ ಬೀದಿಗಳನ್ನೂ ಉದ್ಯಾನಗಳಿಗೆ ಬಯಲನ್ನೂ ಬಿಟ್ಟು ಹೊಸ ಬಡಾವಣೆಗಳ ನಕ್ಷೆ ಬರೆಯಿತು. ಟ್ರಸ್ಟಿನಲ್ಲಿ ಇಂಜಿನಿಯರರಾಗಿದ್ದ ಮಂಚೇರ್ಜಿ ಎದಲ್‌ಜಿ ಜೋಶಿಯವರು ಮಧ್ಯಮ ವರ್ಗದ ಪಾರ್ಸಿಗಳಿಗಾಗಿ ಇಲ್ಲಿ ನಿವೇಶನಗಳನ್ನು ಕಾದಿರಿಸುವಂತೆ ಅಧಿಕಾರಿಗಳ ಮನವೊಲಿಸಿದರು. ದಾದರ ಪಾರ್ಸಿ ಕಾಲೊನಿ ಹೀಗೆ ಹುಟ್ಟಿತು. ಇಂದು ಐದು ತುಂಡು ಹಸುರಾಗಿ ಹರಡಿಕೊಂಡಿರುವ ಫೈವ್ ಗಾರ್ಡನ್ಸಿಗೆ ಅವರ ಹೆಸರೇ ಇದೆ. 1933ರಲ್ಲಿ ಟ್ರಸ್ಟು ಮುನಿಸಿಪಲ್ ಕಾರ್ಪೊರೇಶನ್ನಿನಲ್ಲಿ ಲೀನವಾಯಿತು. ಆದರೆ ಅದು ಹಾಕಿದ ರಸ್ತೆಗಳ ಗೆರೆ ಅಳಿಯಲಿಲ್ಲ. ಬೇರೆ ಕಡೆಯಿಂದ ಬಂದ ಅತಿಥಿಗಳು ಈ ಭಾಗದ ಮರದ ನೆರಳನ್ನು ಕಂಡು ‘ಇದು ಮುಂಬಯಿಯೇ?’ ಎಂದು ಬೆರಗಾಗುವುದನ್ನು ನಾವು ಕೇಳಿದ್ದೇವೆ. ಇದು ಮುಂಬಯಿಯೇ, ನಡೆಯುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಮುಂಬಯಿ.

1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಹಾರ್ಬರ್ ಮಾರ್ಗದಲ್ಲಿ ದೇಶದ ಮೊದಲನೆಯ ವಿದ್ಯುತ್ ರೈಲು ಓಡಿತು. ಆ ಬಳಿಕ ಇತ್ತ ಜನವಸತಿ ಬೆಳೆಯಿತು. ನಮ್ಮವರೂ ಬಂದರು. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿಶಾಲೆಯಲ್ಲಿ ಕಲಿತು, ಟ್ರಾಮಿನ ಕಾಸು ಉಳಿಸಲು ನಡೆದೇ ಬಿಡಾರ ಸೇರಿದ ಕಥೆ ನಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರದು. ಈ ಊರಿನಲ್ಲಿ ಕನ್ನಡಿಗನ ಮೊದಲ ಸಂಪರ್ಕ ಕಾಲಿನದು, ಆಮೇಲೆ ನಾಲಗೆಯದು.

ವಡಾಲದ ವಿಠಲ ಮಂದಿರವನ್ನು ಇಲ್ಲಿ ಮರೆಯಲಾಗದು. ಪಂಢರಪುರಕ್ಕೆ ಹೋಗಲಾರದ ಮುಂಬಯಿಯ ಭಕ್ತರು ಆಷಾಢ ಏಕಾದಶಿಯಂದು ತಾಳ ಹಾಕುತ್ತ, ಪತಾಕೆ ಹಿಡಿದು, ಕಾಲ್ನಡಿಗೆಯಿಂದ ಇಲ್ಲಿಗೆ ಬರುತ್ತಾರೆ. ಪುರಂದರದಾಸರ ಅಂಕಿತದಲ್ಲಿ ನಿಂತ ದೇವರು, ಮರಾಠಿ ಸಂತರೂ ಕರ್ನಾಟಕದವನೆಂದು ಹಾಡಿದ ದೇವರು. ಆ ಸರದಿಯಲ್ಲಿ ನಿಂತ ಕನ್ನಡಿಗನಿಗೆ ತಾನು ಪರಸ್ಥಳದವನೆಂಬ ಭಾವನೆ ಬರುವುದಿಲ್ಲ. ಆ ಒಂದು ದಿನ ಬೀದಿ ನಡೆಯುವವರದು. ಮೋಟಾರುಗಳು ಕಾದು ನಿಲ್ಲುತ್ತವೆ. ಯಾರೂ ಅದಕ್ಕೆ ಗೊಣಗುವುದಿಲ್ಲ. ಏಕೆಂದರೆ ಅದು ಎಲ್ಲರೂ ಒಪ್ಪಿಕೊಂಡ ವ್ಯವಸ್ಥೆ. ಉಳಿದ ದಿನಗಳಲ್ಲಿ?

ಉಳಿದ ದಿನಗಳ ಚರಿತ್ರೆ ಬೇರೆ. 2013ರಲ್ಲಿ ನಮ್ಮ ಪೂರ್ವದಂಚಿನಲ್ಲಿ ಈಸ್ಟರ್ನ್ ಫ್ರೀವೇ ತೆರೆಯಿತು. 2014ರಲ್ಲಿ ಚೆಂಬೂರಿನಿಂದ ವಡಾಲಕ್ಕೆ ಮಾನೊರೈಲು ಬಂತು. (ಅದರ ನಿಲ್ದಾಣಗಳಲ್ಲೊಂದಕ್ಕೆ ‘ಮೈಸೂರು ಕಾಲೊನಿ’ ಎಂಬ ಹೆಸರಿರುವುದನ್ನು ಕಂಡು ನಾವು ಸಂತೋಷಪಟ್ಟದ್ದೂ ಉಂಟು.) 2024ರ ಜನವರಿಯಲ್ಲಿ ಶಿವಡಿಯಿಂದ ಸಮುದ್ರ ದಾಟುವ ಅಟಲ್ ಸೇತು ತೆರೆಯಿತು, ಉದ್ದ 21.8 ಕಿಲೋಮೀಟರು. ಇವೆಲ್ಲ ಹೆಮ್ಮೆಯ ಕೆಲಸಗಳೇ. ಆದರೆ ಫ್ರೀವೇಯ ಮೇಲೆಯೂ ಸೇತುವಿನ ಮೇಲೆಯೂ ನಡೆಯುವವನಿಗೆ, ಸೈಕಲ್ಲಿನವನಿಗೆ ಪ್ರವೇಶವಿಲ್ಲ. ವೇಗದ ದಾರಿಗೆ ಅಂಥ ನಿಷೇಧ ಯುಕ್ತವೇ ಇರಬಹುದು. ಹಾಗಾದರೆ ಅವನಿಗೆಂದು ಬೇರೆ ದಾರಿ ಯಾವುದು ಎಂಬುದಷ್ಟೇ ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ಮಾಟುಂಗಾದ ನಾಗರಿಕರು ಒಂದು ಉತ್ತರ ಕೊಟ್ಟರು. ಡಾ. ಅಂಬೇಡ್ಕರ್ ರಸ್ತೆಯಲ್ಲಿ, ಕಿಂಗ್ಸ್ ಸರ್ಕಲ್ಲಿಗೆ ಸಮೀಪದಲ್ಲಿಯೇ, 2011ರ ಸುಮಾರಿಗೆ ಒಂದು ಫ್ಲೈಓವರ್ ಆಯಿತು. ಫ್ಲೈಓವರಿನ ಅಡಿಯ ನೆಲದ ಗತಿ ಏನೆಂಬುದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ: ಮೊದಲು ವಾಹನಗಳು ನಿಲ್ಲುತ್ತವೆ, ಆಮೇಲೆ ಕಸ ಬೀಳುತ್ತದೆ, ಆಮೇಲೆ ಕತ್ತಲೆಯಾದ ಬಳಿಕ ಹೆಂಗಸರು ಆ ಕಡೆ ಸುಳಿಯುವುದಿಲ್ಲ. ಇಲ್ಲಿಯೂ ಹಾಗೆಯೇ ಆರಂಭವಾಯಿತು. ಸುತ್ತಲಿನ ನಿವಾಸಿಗಳು ಸುಮ್ಮನಿರಲಿಲ್ಲ. ತಾವೇ ಹಣ ಕೂಡಿಸಿ ಕಾವಲಿನವರನ್ನು ನೇಮಿಸಿದರು, ವಾಹನ ನಿಲ್ಲಿಸಗೊಡಲಿಲ್ಲ, ಈ ನೆಲ ಉದ್ಯಾನವಾಗಬೇಕು ಎಂದು ಕಾರ್ಪೊರೇಶನ್ನಿಗೆ ಅರ್ಜಿಯ ಮೇಲೆ ಅರ್ಜಿ ಕೊಟ್ಟರು. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ವರ್ಷಗಳವರೆಗೆ ಹಟ ಬಿಡಲಿಲ್ಲ. ಕೊನೆಗೆ ಕಾರ್ಪೊರೇಶನ್ನು ಒಪ್ಪಿತು, ಕೆಲಸ ನಡೆಯಿತು, 2016ರಲ್ಲಿ ನಾನಾಲಾಲ್ ಡಿ. ಮೆಹತಾ ಉದ್ಯಾನ ಸಾರ್ವಜನಿಕರಿಗೆ ತೆರೆಯಿತು.

ಅಲ್ಲಿಯ ನಡೆದಾರಿ ಸುಮಾರು 600 ಮೀಟರು ಉದ್ದ. ನರ್ಮದಾ ನದಿ ಹರಿಯುವ ಅಂಕುಡೊಂಕನ್ನು ಅನುಸರಿಸಿ ಅದನ್ನು ರೂಪಿಸಲಾಗಿದೆ. ದಂಡೆಯ ಬೆಟ್ಟಗಳ, ಘಟ್ಟಗಳ ವಿವರಗಳನ್ನು ಕಲ್ಲುಗಳ ಮೇಲೆ ಬರೆಯಲಾಗಿದೆ. ಮೇಲೆ ಲಾರಿ ಬಸ್ಸುಗಳು ಗುಡುಗುತ್ತವೆ, ಎರಡೂ ಮಗ್ಗುಲಿಗೆ ಮೋಟಾರುಗಳು ಹರಿಯುತ್ತವೆ. ನಡುವೆ ಮೊಮ್ಮಗನ ಕೈ ಹಿಡಿದ ಅಜ್ಜ ನರ್ಮದೆಯ ದಡದಲ್ಲಿ ನಡೆಯುತ್ತಾನೆ. ಸೌಂದರ್ಯದ ದೃಷ್ಟಿಯಿಂದ ಇದಕ್ಕೆ ಯಾವ ಸ್ಥಾನ ಕೊಡಬೇಕೋ ನಾವು ಹೇಳಲಾರೆವು. ಹೊಗೆಯ ನಡುವೆ ವಾಯುಸೇವನೆಯೇ ಎಂದು ಕುಚೋದ್ಯ ಮಾಡುವವರೂ ಇದ್ದಾರೆ. ಆದರೆ ಒಂದು ಸಂಗತಿಯನ್ನು ಯಾರೂ ಅಲ್ಲಗಳೆಯಲಾರರು: ಆ ದಾರಿಯಲ್ಲಿ ಜನ ನಡೆಯುತ್ತಾರೆ. ಅದು ಕಟ್ಟುವುದಕ್ಕೆ ಮೊದಲೇ ಅದಕ್ಕೆ ಯಜಮಾನರಿದ್ದರು.

ಯಜಮಾನರಿಲ್ಲದ ದಾರಿಯ ಗತಿಯನ್ನು ನೋಡಬೇಕಾದರೆ ಬಾಂದ್ರಾ–ಕುರ್ಲಾ ಸಂಕುಲಕ್ಕೆ ಹೋಗಬೇಕು. 2011ರಲ್ಲಿ ಅಲ್ಲಿ ಸುಮಾರು 13 ಕಿಲೋಮೀಟರು ಉದ್ದದ ಸೈಕಲ್ ದಾರಿಯನ್ನು ಆರು ಕೋಟಿ ರೂಪಾಯಿಗೂ ಮಿಕ್ಕಿ ವೆಚ್ಚ ಮಾಡಿ ನಿರ್ಮಿಸಿದರು. ಕಚೇರಿಗಳ ಊರು ಅದು. ಬೆಳಿಗ್ಗೆ ಬಂದವರು ಸಂಜೆ ಹೋಗುತ್ತಾರೆ. ಕುರ್ಲಾ, ಬಾಂದ್ರಾ ಸ್ಟೇಷನ್ನುಗಳಿಂದ ಅಲ್ಲಿಯವರೆಗೆ ಸೈಕಲ್ಲಿನಲ್ಲಿ ಬರುವ ಅನುಕೂಲತೆಯೇ ಇಲ್ಲದ ಮೇಲೆ ಒಳಗಿನ ದಾರಿಯಿಂದ ಪ್ರಯೋಜನವೇನು? ಕೆಲವೇ ವರ್ಷಗಳಲ್ಲಿ ಅದು ಕಾರು ನಿಲ್ಲಿಸುವ ಜಾಗವಾಯಿತು.

ಇದಕ್ಕಿಂತ ಗಂಭೀರವಾದದ್ದು ತಾನ್ಸಾ ಕೊಳವೆಯ ಕಥೆ. 1892ರಲ್ಲಿ ಪೂರ್ತಿಯಾದ ತಾನ್ಸಾ ಕಟ್ಟೆಯ ನೀರು ದೊಡ್ಡ ದೊಡ್ಡ ಕೊಳವೆಗಳಲ್ಲಿ ಉಪನಗರಗಳನ್ನು ಹಾದು ನಗರಕ್ಕೆ ಬರುತ್ತದೆ. ಕೊಳವೆಗಳ ಇಕ್ಕೆಲಗಳಲ್ಲಿ ಸಾವಿರಾರು ಬಡ ಕುಟುಂಬಗಳು ಮನೆ ಕಟ್ಟಿಕೊಂಡಿದ್ದವು. ಕುಡಿಯುವ ನೀರಿನ ರಕ್ಷಣೆಗಾಗಿ ಎರಡೂ ಕಡೆ ಹತ್ತು ಹತ್ತು ಮೀಟರು ತೆರವು ಮಾಡಬೇಕೆಂದು ಮುಂಬಯಿ ಹೈಕೋರ್ಟು ಆಜ್ಞೆ ಮಾಡಿತು. ಹೀಗೆ ತೆರವಾದ ನೆಲ ಮತ್ತೆ ಒತ್ತುವರಿಯಾಗದಿರಲೆಂದು, ಅಲ್ಲಿ 39 ಕಿಲೋಮೀಟರು ಉದ್ದದ ನಡಿಗೆಯ ಮತ್ತು ಸೈಕಲ್ಲಿನ ದಾರಿ ಮಾಡುವ ಯೋಜನೆಯನ್ನು ಕಾರ್ಪೊರೇಶನ್ನು 2017ರಲ್ಲಿ ಪ್ರಕಟಿಸಿತು. ಮುಲುಂಡದಿಂದ ಸಾಯನ್‌ವರೆಗೆ ನೀರಿನ ಜೊತೆಗೆ ನಡೆದುಬರುವ ದಾರಿ! ಕಲ್ಪನೆ ಮನೋಹರವಾದುದೇ.

ಆದರೆ ಮನೆ ಕಳೆದುಕೊಂಡವರಲ್ಲಿ ಬಹು ಮಂದಿಯನ್ನು ಕಳುಹಿಸಿದ್ದು ಚೆಂಬೂರಿನಾಚೆಯ ಮಾಹುಲಕ್ಕೆ, ತೈಲ ಶುದ್ಧೀಕರಣದ ಕಾರಖಾನೆಗಳ ಮಗ್ಗುಲಿಗೆ. ಅಲ್ಲಿಯ ಗಾಳಿ ಉಸಿರಾಡಿ ಮಕ್ಕಳು ಮುದುಕರು ಕಾಯಿಲೆ ಬಿದ್ದರೆಂದು ನಿವಾಸಿಗಳು ದೂರಿದರು, ಬೀದಿಗಿಳಿದರು, ನ್ಯಾಯಾಲಯದ ಮೊರೆಹೊಕ್ಕರು. ಅಂಥ ಗಾಳಿಯಲ್ಲಿ ವಾಸಿಸುವಂತೆ ಯಾರನ್ನೂ ಬಲಾತ್ಕರಿಸಕೂಡದು, ಬೇರೆ ಕಡೆ ಮನೆ ಹಿಡಿಯಲು ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಬೇಕು ಎಂದು 2019ರಲ್ಲಿ ಹೈಕೋರ್ಟು ವಿಧಿಸಿತು. ಒಬ್ಬನ ಆರೋಗ್ಯಕ್ಕಾಗಿ ಯೋಜಿಸಿದ ದಾರಿಯ ಹಿಂದೆ ಇನ್ನೊಬ್ಬನ ಅನಾರೋಗ್ಯ ನಿಂತಿತು. ನೀರಿನ ಕೊಳವೆಯನ್ನು ಕಾಯಬೇಕಾದ್ದು ನಿಜ. ನ್ಯಾಯಾಲಯದ ಆಜ್ಞೆಯೂ ಸಕಾರಣವೇ. ಆದರೂ ಅಂಚಿನಲ್ಲಿ ಬಾಳಿದವರನ್ನು ಕೇಳದೆ ಹಾಕಿದ ದಾರಿಗೆ ನೆರೆಹೊರೆಯ ಪ್ರೀತಿ ದೊರೆಯುವುದು ಕಷ್ಟ ಎಂಬುದು ನಮ್ಮ ಅಭಿಪ್ರಾಯ.

ಸೈಕಲ್ಲಿನ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾವಂತ ತರುಣರು ಹಾಲೆಂಡನ್ನು ಹೊಗಳುತ್ತಾರೆ. ಹಾಲೆಂಡೂ ಮೊದಲಿನಿಂದ ಹಾಗಿರಲಿಲ್ಲ. ಯುದ್ಧಾನಂತರ ಅಲ್ಲಿಯೂ ಮೋಟಾರೇ ದೊರೆಯಾಗಿತ್ತು. 1971ನೆಯ ಒಂದೇ ವರ್ಷ ಮೂರು ಸಾವಿರಕ್ಕೂ ಹೆಚ್ಚು ಜನ ರಸ್ತೆಯ ಅಪಘಾತಗಳಲ್ಲಿ ತೀರಿಕೊಂಡರು, ಅವರಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಮಕ್ಕಳು. ತಾಯಂದಿರು ಬೀದಿಯಲ್ಲಿ ಕುಳಿತರು. ಆಮೇಲೆ ದಾರಿಗಳು ಬಂದವು. ನಮ್ಮ ನಾಡಿನಲ್ಲಿ ನೋಡಿದರೆ, ಬೆಂಗಳೂರಿನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯವೂ ನಾಗರಿಕ ಸಂಘಗಳೂ ಸೇರಿ 2013ರ ಅಕ್ಟೋಬರಿನಲ್ಲಿ ‘ಸೈಕಲ್ ದಿನ’ವನ್ನು ಆರಂಭಿಸಿದುವು, ಒಂದೊಂದು ಬಡಾವಣೆಯ ಬೀದಿಯನ್ನು ಭಾನುವಾರ ಕೆಲವು ತಾಸು ಮೋಟಾರುಗಳಿಗೆ ಮುಚ್ಚಿ ಮಕ್ಕಳಿಗೆ ಬಿಟ್ಟುಕೊಡುವ ಪದ್ಧತಿ. ಮೈಸೂರಿನಲ್ಲಿ 2017ರ ಜೂನಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ಯೋಜನೆ 450 ಸೈಕಲ್ಲುಗಳೊಂದಿಗೆ ಶುರುವಾಯಿತು. ಬೆಂಗಳೂರಿನ ಪದ್ಧತಿಯೇ ನಮಗೆ ಹೆಚ್ಚು ಅನುಕರಣೀಯವೆಂದು ತೋರುತ್ತದೆ. ಅದಕ್ಕೆ ಖರ್ಚು ಕಡಮೆ, ಬೀದಿಯವರ ಒಪ್ಪಿಗೆಯೇ ಬಂಡವಾಳ.

ಈಗ ವಡಾಲದ ಮಾತಿಗೆ ಬರೋಣ. ಮುಂಬಯಿ ಕನ್ನಡಿಗರು ವಂತಿಗೆ ಎತ್ತುವುದರಲ್ಲಿ ನಿಪುಣರು. ಶಾಲೆ, ಸಭಾಗೃಹ, ದೇವಸ್ಥಾನ, ಯಕ್ಷಗಾನ ಮಂಡಳಿ, ಎಲ್ಲವೂ ಮನೆಮನೆಯ ಹಣದಿಂದ ಎದ್ದುವು. ಬೀದಿಯ ವಿಷಯದಲ್ಲಿ ಮಾತ್ರ ‘ಅದು ಸರಕಾರದ್ದು, ನಾವು ಹೊರಗಿನಿಂದ ಬಂದವರು’ ಎನ್ನುವವರು ಈಗಲೂ ಇದ್ದಾರೆ. ಮೂರು ತಲೆಮಾರು ಒಂದೇ ಓಣಿಯಲ್ಲಿ ನಡೆದವರು ಇನ್ನೆಷ್ಟು ಕಾಲ ಹೊರಗಿನವರಾಗಿರುವುದು? ಮಾಟುಂಗಾದ ಉದ್ಯಾನಕ್ಕಾಗಿ ಅರ್ಜಿ ಕೊಟ್ಟವರು ಭಾಷೆ ಕೇಳಿ ಸಹಿ ಹಾಕಿಸಲಿಲ್ಲವಷ್ಟೆ.

ಸಹಿಗೆ ಹೋಗುವ ಮೊದಲು ಕೇಳಬೇಕಾದವರು ಯಾರು ಎಂಬುದನ್ನು ಮಾಹುಲದ ಕಥೆ ಕಲಿಸಿದೆ. ಪಾದಚಾರಿಯ ಕಟ್ಟೆಯ ಮೇಲೆ ತರಕಾರಿ, ಹೂವು ಇಟ್ಟುಕೊಂಡು ಕುಳಿತ ಹೆಂಗಸನ್ನು ಮೊದಲು ಕೇಳಬೇಕು. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಅವಳಿಗೂ ಹಕ್ಕು ಕೊಟ್ಟಿದೆ. ಅವಳನ್ನು ಎಬ್ಬಿಸಿ ಮಾಡುವ ದಾರಿ ನಮಗೆ ಬೇಡ, ಅವಳ ಬುಟ್ಟಿಗೂ ಜಾಗವಿರುವ ದಾರಿ ಬೇಕು. ಟ್ಯಾಕ್ಸಿಯವರನ್ನು ಕೇಳಬೇಕು, ಶಾಲೆಯ ಮಕ್ಕಳ ತಂದೆತಾಯಿಗಳನ್ನು, ಮಂದಿರದ ವ್ಯವಸ್ಥಾಪಕರನ್ನು, ಪಾರ್ಸಿ, ಮರಾಠಿ, ತಮಿಳು, ಗುಜರಾತಿ ನೆರೆಯವರನ್ನು ಕೇಳಬೇಕು. ಕಾರು ನಿಲ್ಲಿಸುವ ಜಾಗ ಕಡಮೆಯಾದೀತೆಂದು ಸಿಟ್ಟಾಗುವವರೂ ಸಿಗುತ್ತಾರೆ, ನಮ್ಮವರಲ್ಲಿಯೇ ಸಿಗುತ್ತಾರೆ. ಅವರ ಮನೆಗೆ ಎರಡು ಸಲ ಹೋಗಬೇಕು.

ಅದಕ್ಕೂ ಮುಂಚೆ ಒಂದು ನಕ್ಷೆ ಬೇಕು. ಸ್ಟೇಷನ್ನಿನಿಂದ ಹೊರಟು ಕತ್ರಕ್ ರಸ್ತೆಯ ಯಾವ ಮಗ್ಗುಲಲ್ಲಿ ಕಟ್ಟೆ ಎಷ್ಟು ಅಡಿ ಅಗಲವಿದೆ, ಎಲ್ಲಿ ಕಲ್ಲು ಕಿತ್ತಿದೆ, ಎಲ್ಲಿ ರಸ್ತೆ ದಾಟಲು ಹಸುರು ದೀಪ ಸಾಲದು, ಎಲ್ಲಿ ಮರದ ಬೇರು ಎದ್ದಿದೆ, ಎಲ್ಲಿ ಕುಳಿತು ದಣಿವಾರಿಸಿಕೊಳ್ಳಲು ಒಂದು ಬೆಂಚಿಗೆ ಎಡೆಯಿದೆ ಎಂಬುದನ್ನೆಲ್ಲ ಅಳೆದು ಬರೆದ ನಕ್ಷೆ. ಎಫ್ ಉತ್ತರ ವಾರ್ಡಿನ ಕಚೇರಿಗೆ ಅದನ್ನು ಹಿಡಿದುಕೊಂಡೇ ಹೋಗಬೇಕು. ಬರಿಗೈಯಲ್ಲಿ ಹೋದವರಿಗೆ ಕಚೇರಿಗಳು ಒಳ್ಳೆಯ ಮಾತನ್ನಷ್ಟೇ ಕೊಟ್ಟು ಕಳುಹಿಸುತ್ತವೆ. ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳು ನಾಲ್ಕು ಭಾನುವಾರ ಬೆಳಿಗ್ಗೆ ಅಳತೆಯ ಟೇಪು ಹಿಡಿದರೆ ಈ ಕೆಲಸ ಆಗುತ್ತದೆ. ಜೊತೆಗೆ ಹಿರಿಯರೊಬ್ಬರು ಕೋಲೂರಿಕೊಂಡು ನಡೆಯಲಿ. ಅವರು ಎಲ್ಲೆಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಲ್ಲಿ ನಕ್ಷೆಯ ಮೇಲೆ ಕೆಂಪು ಗುರುತು ಹಾಕಿಕೊಳ್ಳಲಿ.