ಅರಬರ ‘ಮಾನ್ಕೀರ್’ ನಮ್ಮ ಮಳಖೇಡ

ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದ ಬಳಿ ಹರಿಯುವ ಮುಲ್ಲಾಮಾರಿ ಮುಂದೆ ಕಾಗಿಣಾ ನದಿಯನ್ನು ಸೇರುತ್ತದೆ. ಅದೇ ಕಾಗಿಣೆಯ ದಂಡೆಯ ಮೇಲೆ, ಸೇಡಂ ತಾಲ್ಲೂಕಿನಲ್ಲಿ, ಮಳಖೇಡವಿದೆ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಚಿತ್ತಾಪುರ ದಾಟಿದ ಮೇಲೆ ‘ಮಳಖೇಡ ರೋಡ್’ ಎಂಬ ನಿಲ್ದಾಣ ಸಿಗುತ್ತದೆ. ಸುತ್ತಲೂ ತೊಗರಿಯ ಹೊಲ, ಸುಣ್ಣಕಲ್ಲಿನ ಗಣಿ, ಸಿಮೆಂಟ್ ಸಾಗಿಸುವ ಲಾರಿಗಳು. ಇದು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು ಎಂಬುದು ಶಾಲೆಯ ಪಾಠದಿಂದ ಎಲ್ಲರಿಗೂ ಗೊತ್ತು. ಆದರೆ ಸಮುದ್ರದಿಂದ ಇಷ್ಟು ದೂರದ ಈ ಊರಿನ ಹೆಸರು ಒಂಬತ್ತು, ಹತ್ತನೇ ಶತಮಾನಗಳಲ್ಲಿ ಪರ್ಷಿಯಾ ಕೊಲ್ಲಿಯ ಬಂದರುಗಳಲ್ಲೂ ಬಾಗ್ದಾದಿನ ಪಂಡಿತರಲ್ಲೂ ಬಳಕೆಯಲ್ಲಿತ್ತು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಕ್ರಿ.ಶ. 851ರಲ್ಲಿ ಅರಬ್ಬಿಯಲ್ಲಿ ಒಂದು ಪುಸ್ತಕ ಸಿದ್ಧವಾಯಿತು. ಸುಲೈಮಾನ್ ಎಂಬ ವರ್ತಕನದೆಂದು ಹೇಳಲಾಗುವ ಈ ಬರಹ, ಪರ್ಷಿಯಾ ಕೊಲ್ಲಿಯ ಸಿರಾಫ್ ಬಂದರಿನಿಂದ ಭಾರತದ ಕರಾವಳಿಯ ಮೂಲಕ ಚೀನಾಕ್ಕೆ ಹೋಗುವ ಸಮುದ್ರ ಮಾರ್ಗವನ್ನು ವರ್ಣಿಸುತ್ತದೆ. ಭೂಮಿಯ ಮೇಲೆ ನಾಲ್ವರು ಮಹಾರಾಜರು ಎಂದು ಅದು ಹೇಳುತ್ತದೆ. ಮೊದಲನೆಯವನು ಅರಬರ ಖಲೀಫ, ಎರಡನೆಯವನು ಚೀನಾದ ಚಕ್ರವರ್ತಿ, ಮೂರನೆಯವನು ರೋಮನರ, ಅಂದರೆ ಬೈಜಾಂಟಿಯಮ್‌ನ, ದೊರೆ. ನಾಲ್ಕನೆಯವನು ‘ಬಲ್ಹರ’.

ಬಲ್ಹರ ಎಂಬುದು ರಾಷ್ಟ್ರಕೂಟರ ‘ವಲ್ಲಭರಾಜ’ ಎಂಬ ಬಿರುದಿನ ಅರಬ್ಬಿ ರೂಪ. ಅವನ ರಾಜಧಾನಿಯನ್ನು ಅರಬ್ ಲೇಖಕರು ‘ಮಾನ್ಕೀರ್’ ಎಂದು ಕರೆದರು. 851ರಲ್ಲಿ ಆ ಸಿಂಹಾಸನದಲ್ಲಿದ್ದವನು ಅಮೋಘವರ್ಷ ನೃಪತುಂಗ. 814ರಲ್ಲಿ ಪಟ್ಟಕ್ಕೆ ಬಂದ ಈತ 878ರವರೆಗೆ ಆಳಿದ. ಬಲ್ಹರನಷ್ಟು ಅರಬರನ್ನು ಪ್ರೀತಿಸುವ ರಾಜ ಭಾರತದಲ್ಲಿ ಬೇರೊಬ್ಬನಿಲ್ಲ, ಅದರಿಂದಲೇ ತಮ್ಮ ಅರಸರು ದೀರ್ಘಕಾಲ ಬಾಳುತ್ತಾರೆಂದು ಅವನ ಪ್ರಜೆಗಳು ನಂಬುತ್ತಾರೆ ಎಂದು ಆ ಪುಸ್ತಕ ದಾಖಲಿಸಿದೆ. ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದ ನೃಪತುಂಗನ ವಿಷಯದಲ್ಲಿ ಈ ಮಾತು ಸುಳ್ಳಾಗಲಿಲ್ಲ.

<b>ವೈರಿಯಿಂದ ಮಿತ್ರ</b>

ಈ ಸ್ನೇಹ ಮೊದಲಿನಿಂದಲೂ ಇದ್ದುದಲ್ಲ. 712ರಲ್ಲಿ ಅರಬರು ಸಿಂಧ್ ಪ್ರಾಂತವನ್ನು ಗೆದ್ದುಕೊಂಡರು. ಅಲ್ಲಿಂದ ಅವರ ಸೈನ್ಯ ದಕ್ಷಿಣಕ್ಕೆ ನುಗ್ಗಿದಾಗ ಗುಜರಾತಿನ ನವಸಾರಿಯಲ್ಲಿ ತಡೆದವನು ಬಾದಾಮಿ ಚಾಲುಕ್ಯರ ಸಾಮಂತ ಅವನಿಜನಾಶ್ರಯ ಪುಲಕೇಶಿ. ಅವನ 739ರ ನವಸಾರಿ ತಾಮ್ರಶಾಸನ ಸೋತ ಸೈನ್ಯವನ್ನು ‘ತಾಜಿಕ’ರದೆಂದು ಕರೆಯುತ್ತದೆ. ಪಶ್ಚಿಮದಿಂದ ಬಂದ ಅರಬರಿಗೆ ಆ ಕಾಲದ ಸಂಸ್ಕೃತದಲ್ಲಿದ್ದ ಹೆಸರು ಅದು.

ಮುಂದಿನ ನೂರು ವರ್ಷಗಳಲ್ಲಿ ರಾಜಕೀಯದ ದಿಕ್ಕು ಬದಲಾಯಿತು. ಚಾಲುಕ್ಯರ ಜಾಗಕ್ಕೆ ರಾಷ್ಟ್ರಕೂಟರು ಬಂದರು. ಉತ್ತರದಲ್ಲಿ ಗುರ್ಜರ ಪ್ರತೀಹಾರರು ಪ್ರಬಲರಾದರು. ಈ ಪ್ರತೀಹಾರರು ರಾಷ್ಟ್ರಕೂಟರಿಗೆ ಎದುರಾಳಿಗಳು, ಸಿಂಧ್‌ನ ಅರಬರಿಗೂ ಎದುರಾಳಿಗಳು. ‘ಜುರ್ಜ್’ನ, ಎಂದರೆ ಗುರ್ಜರರ, ರಾಜನ ಬಳಿ ದೊಡ್ಡ ಕುದುರೆ ಸೈನ್ಯವಿದೆ, ಆತ ಅರಬರನ್ನು ಸಹಿಸುವುದಿಲ್ಲ ಎಂದು 851ರ ಪುಸ್ತಕವೇ ಹೇಳುತ್ತದೆ. ವೈರಿಯ ವೈರಿ ಮಿತ್ರನಾಗುವುದು ರಾಜನೀತಿಯಲ್ಲಿ ಹೊಸದೇನಲ್ಲ.

ಇದಕ್ಕೆ ವ್ಯಾಪಾರದ ಕಾರಣವೂ ಸೇರಿತು. ದಖ್ಖನ್ನಿನಲ್ಲಿ ಯುದ್ಧಕ್ಕೆ ಒದಗುವ ಉತ್ತಮ ಕುದುರೆ ತಳಿ ಬೆಳೆಯುತ್ತಿರಲಿಲ್ಲ. ಅವು ಅರೇಬಿಯಾ, ಪರ್ಷಿಯಾಗಳಿಂದ ಹಡಗಿನಲ್ಲಿ ಬರಬೇಕಿತ್ತು. ಅರಬರಿಗೆ ಹಡಗು ಕಟ್ಟಲು ಸಾಗುವಾನಿ ಬೇಕು, ಮಾರಲು ಹತ್ತಿಬಟ್ಟೆ ಮತ್ತು ಮೆಣಸು ಬೇಕು. ಪಶ್ಚಿಮ ಕರಾವಳಿಯ ಚೌಲ್, ಠಾಣೆ, ಸೋಪಾರ, ಸಂಜಾನ್ ಬಂದರುಗಳಲ್ಲಿ ಈ ಕೊಡುಕೊಳ್ಳುವಿಕೆ ನಡೆಯುತ್ತಿತ್ತು.

<b>ಬಂದರಿನಲ್ಲಿ ಪರಕೀಯರ ಕಾನೂನು</b>

ರಾಜನಿಂದ ರಾಜನಿಗೆ ದೂತರನ್ನು ಕಳುಹಿಸುವ ಪದ್ಧತಿ ಕರ್ನಾಟಕದ ಅರಸರಿಗೆ ಹೊಸದಾಗಿರಲಿಲ್ಲ. ಬಾದಾಮಿಯ ಇಮ್ಮಡಿ ಪುಲಕೇಶಿ ಪರ್ಷಿಯಾದ ದೊರೆ ಎರಡನೇ ಖುಸ್ರೊನ ಬಳಿಗೆ 625ರ ಸುಮಾರಿನಲ್ಲಿ ಉಡುಗೊರೆ ಸಹಿತ ದೂತರನ್ನು ಕಳುಹಿಸಿದ್ದನೆಂದು ಇತಿಹಾಸಕಾರರು ಗುರುತಿಸುತ್ತಾರೆ. ಇದಕ್ಕೆ ಆಧಾರ ಚರಿತ್ರಕಾರ ತಬರಿಯ ಅರಬ್ಬಿ ಗ್ರಂಥ. ಆದರೆ ದೂತ ಬರುತ್ತಾನೆ, ಆನೆಯನ್ನೋ ಖಡ್ಗವನ್ನೋ ಒಪ್ಪಿಸುತ್ತಾನೆ, ಹಿಂದಿರುಗುತ್ತಾನೆ. ವರ್ತಕನ ಅಗತ್ಯ ಬೇರೆ. ಅವನು ವರ್ಷಗಟ್ಟಲೆ ಇರುತ್ತಾನೆ, ಸಾಲ ಕೊಡುತ್ತಾನೆ, ಮದುವೆಯಾಗುತ್ತಾನೆ, ಅಲ್ಲೇ ಸಾಯುತ್ತಾನೆ. ಅವನ ಆಸ್ತಿ ಯಾರಿಗೆ ಸೇರಬೇಕು? ಜಗಳವಾದರೆ ಯಾರ ಕಾನೂನು?

ಇದಕ್ಕೆ ಸಿಕ್ಕ ಉತ್ತರವನ್ನು ಬಾಗ್ದಾದಿನ ಪಂಡಿತ ಮಸೂದಿ ಕಣ್ಣಾರೆ ಕಂಡ. 916ರ ಸುಮಾರಿಗೆ ಆತ ‘ಸೈಮೂರ್’ಗೆ, ಅಂದರೆ ಮುಂಬಯಿಯ ದಕ್ಷಿಣಕ್ಕಿರುವ ಚೌಲ್‌ಗೆ ಬಂದ. ಆಗ ಮಳಖೇಡದಲ್ಲಿ ಮೂರನೇ ಇಂದ್ರ ಆಳುತ್ತಿದ್ದ. ಚೌಲ್‌ನಲ್ಲಿ ಅವನ ಅಧೀನನಾದ ಶಿಲಾಹಾರ ಅರಸ. ಅಲ್ಲಿ ಸುಮಾರು 10 ಸಾವಿರ ಮುಸ್ಲಿಮರಿದ್ದರೆಂದು ಮಸೂದಿ ಬರೆಯುತ್ತಾನೆ. ಸಿರಾಫ್, ಒಮಾನ್, ಬಸ್ರಾ, ಬಾಗ್ದಾದಿನಿಂದ ಬಂದು ನೆಲೆಸಿದವರ ಜೊತೆಗೆ ಇಲ್ಲಿಯೇ ಹುಟ್ಟಿದವರೂ ಅವರಲ್ಲಿದ್ದರು. ಅವರ ವ್ಯವಹಾರ ನೋಡಿಕೊಳ್ಳಲು ‘ಹುನರ್ಮ’ ಎಂಬ ಅಧಿಕಾರಿ ಇದ್ದ. ಆತ ಮುಸ್ಲಿಮನೇ, ಆದರೆ ನೇಮಕ ಮಾಡುತ್ತಿದ್ದವನು ಸ್ಥಳೀಯ ಅರಸ.

ಇದೇ ಬಗೆಯ ಏರ್ಪಾಟು ಚೀನಾದಲ್ಲೂ ಇತ್ತು. ಕ್ಯಾಂಟನ್ ಬಂದರಿನಲ್ಲಿ ಮುಸ್ಲಿಮರ ನ್ಯಾಯ ತೀರ್ಮಾನಕ್ಕೆ ಚಕ್ರವರ್ತಿ ಒಬ್ಬ ಮುಸ್ಲಿಮನನ್ನೇ ನೇಮಿಸಿದ್ದನೆಂದು 851ರ ಪುಸ್ತಕದಲ್ಲಿದೆ. ಆದರೆ 878-79ರ ವೇಳೆಗೆ ಹುವಾಂಗ್ ಚಾವೊ ಎಂಬ ಬಂಡಾಯಗಾರ ಕ್ಯಾಂಟನ್ನನ್ನು ಸೂರೆಗೊಂಡು ಪರದೇಶಿ ವರ್ತಕರನ್ನು ಕೊಲ್ಲಿಸಿದ. ಸಿರಾಫಿನ ಹಡಗುಗಳು ಚೀನಾದವರೆಗೆ ಹೋಗುವುದು ನಿಂತುಹೋಯಿತು. ಅದಾದ ಸುಮಾರು 40 ವರ್ಷಗಳ ನಂತರವೂ ಚೌಲ್‌ನ ವರ್ತಕರು ನೆಮ್ಮದಿಯಿಂದಿದ್ದರು ಎಂಬುದಕ್ಕೆ ಮಸೂದಿಯ ಬರಹವೇ ಸಾಕ್ಷಿ.

<b>ಚಿಂಚಣಿಯ ತಾಮ್ರಪಟ</b>

ಅರಬರು ತಮ್ಮನ್ನು ತಾವೇ ಹೊಗಳಿಕೊಂಡಿರಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಅಂಥವರಿಗೆ ನಮ್ಮ ಕಡೆಯ ದಾಖಲೆಯೂ ಇದೆ. ಮಹಾರಾಷ್ಟ್ರದ ಚಿಂಚಣಿಯಲ್ಲಿ 1955ರಲ್ಲಿ ಕೆಲವು ತಾಮ್ರಪಟಗಳು ದೊರೆತವು. ಅವುಗಳಲ್ಲೊಂದು ಶಕವರ್ಷ 848ರದು, ಎಂದರೆ ಕ್ರಿ.ಶ. 926ರದು, ಮೂರನೇ ಇಂದ್ರನ ಆಳ್ವಿಕೆಯದು. ಅದರ ಪ್ರಕಾರ ಸಂಜಾನ್ ಸುತ್ತಲಿನ ‘ಸಂಯಾನ ಮಂಡಲ’ದ ಆಡಳಿತವನ್ನು ಇಮ್ಮಡಿ ಕೃಷ್ಣ ‘ಮಧುಮತಿ’ ಎಂಬವನಿಗೆ ವಹಿಸಿದ್ದ. ಮಧುಮತಿ ತಾಜಿಕ. ಮೊಹಮ್ಮದ್ ಎಂಬ ಹೆಸರೇ ಸಂಸ್ಕೃತದಲ್ಲಿ ಹೀಗಾಗಿದೆ ಎಂದು ವಿದ್ವಾಂಸರು ವಿವರಿಸಿದ್ದಾರೆ.

ಈ ಅಧಿಕಾರಿ ಸುತ್ತಲಿನ ಬಂದರುಗಳ ನಾಯಕರನ್ನು ತನ್ನ ಒಡೆಯನ ಪರವಾಗಿ ಹತೋಟಿಗೆ ತಂದ. ನದಿಗಳಲ್ಲಿ ಜನರಿಗೆ ಪುಕ್ಕಟೆ ದೋಣಿ ಏರ್ಪಡಿಸಿದ. ಅನ್ನ, ಪಲ್ಯ, ತುಪ್ಪ ಬಡಿಸುವ ಛತ್ರವನ್ನೂ ನಡೆಸಿದ. ಅವನ ಮಂತ್ರಿಯ ಹೆಸರು ಪುವ್ವಯ್ಯ. ಸಂಜಾನಿನಲ್ಲಿದ್ದ ದೇವಿಯ ಮಠವೊಂದರ ದುರಸ್ತಿ, ನೈವೇದ್ಯಗಳಿಗಾಗಿ, ಇಂದ್ರನ ಅನುಮತಿ ಪಡೆದು, ಮಧುಮತಿ ಭೂಮಿ ಬಿಟ್ಟುಕೊಟ್ಟದ್ದೇ ಈ ಶಾಸನದ ಮುಖ್ಯ ವಿಷಯ. 739ರಲ್ಲಿ ನವಸಾರಿಯಲ್ಲಿ ಸೋತ ಶತ್ರುವಿಗೆ ಇದ್ದ ‘ತಾಜಿಕ’ ಎಂಬ ಹೆಸರು, ಇನ್ನೂರು ವರ್ಷ ತುಂಬುವ ಮೊದಲೇ, ಅದೇ ಕರಾವಳಿಯಲ್ಲಿ ಮಳಖೇಡದ ಪರವಾಗಿ ಆಳುವವನಿಗೆ ಬಂದಿತ್ತು.

ಇದನ್ನು ಬರೀ ಉದಾರ ಮನಸ್ಸೆಂದು ತಿಳಿಯಬೇಕಾಗಿಲ್ಲ. ಬಂದರಿನ ಸುಂಕ ಬೇಕಿತ್ತು, ಕುದುರೆ ಬೇಕಿತ್ತು, ಹಡಗು ಬಲ್ಲ ಮನುಷ್ಯ ಬೇಕಿತ್ತು. ರಾಷ್ಟ್ರಕೂಟರು ಯುದ್ಧಪ್ರಿಯರೂ ಹೌದು. ಇದೇ ಮೂರನೇ ಇಂದ್ರ ಪ್ರತೀಹಾರರ ಕನೋಜಿನವರೆಗೂ ದಂಡೆತ್ತಿ ಹೋದವನು. ಆದರೆ ಲಾಭವನ್ನು ಲೆಕ್ಕ ಹಾಕಿದವರು, ಅದು ನಂಬಿಕೆಯಿಲ್ಲದೆ ಬರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಪರಕೀಯನಿಗೆ ಅವನ ನ್ಯಾಯಾಧಿಕಾರಿಯನ್ನು ಕೊಟ್ಟು, ಆ ಅಧಿಕಾರಿಯ ನೇಮಕವನ್ನು ಅರಸನ ಕೈಯಲ್ಲಿಟ್ಟುಕೊಂಡದ್ದು ಈ ಲೆಕ್ಕದ ಫಲ.

ಇದೆಲ್ಲ ಮುಗಿದದ್ದು ಬೇಗ. 972ರಲ್ಲಿ ಮಾಳ್ವದ ಪರಮಾರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಮರುವರ್ಷವೇ ಇಮ್ಮಡಿ ತೈಲಪ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ನಾಂದಿ ಹಾಡಿದ. ಐದು ವರ್ಷದೊಳಗೆ, 977ರಲ್ಲಿ, ಭೂಕಂಪದಿಂದ ಸಿರಾಫ್ ಕೂಡ ನೆಲಕಚ್ಚಿತು. ಮಳಖೇಡದ ಹೆಸರನ್ನು ಅರಬ್ ಲೋಕಕ್ಕೆ ಒಯ್ದ ವ್ಯಾಪಾರದ ಎರಡು ತುದಿಗಳೂ ಬಹುತೇಕ ಒಟ್ಟಿಗೇ ಕುಸಿದವು.

ಮಾನ್ಕೀರಿನ ಜನರ ಮಾತನ್ನು ಮಸೂದಿ ‘ಕೀರಿಯಾ’ ಎಂದು ಕರೆದಿದ್ದಾನೆ. ಅದು ಕನ್ನಡವೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಮಳಖೇಡದ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರೆ, ನೆನೆಯಬೇಕಾದದ್ದೇ. ಅದೇ ಕಾಲದಲ್ಲಿ ಅದೇ ಆಸ್ಥಾನವನ್ನು ಹೊರಗಿನವರು ನೋಡಿ ಬರೆದಿಟ್ಟ ಮಾತುಗಳೂ ಈ ನೆಲದ ಇತಿಹಾಸಕ್ಕೇ ಸೇರಿದವು. ಇಂದು ಮಳಖೇಡದಲ್ಲಿ ಹಾಳುಬಿದ್ದ ಕೋಟೆ, ಜೈನ ಬಸದಿ, ಮಾಧ್ವರ ಬೃಂದಾವನ, ದರ್ಗಾ ಎಲ್ಲವೂ ಒಂದೇ ಊರಿನಲ್ಲಿವೆ. ಅಲ್ಲಿಗೆ ಶಾಲಾ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರುಗಳು ನೃಪತುಂಗನ ಜೊತೆಗೆ, ಅವನನ್ನು ಜಗತ್ತಿನ ನಾಲ್ವರು ದೊರೆಗಳಲ್ಲಿ ಒಬ್ಬನೆಂದು ಎಣಿಸಿದ ವರ್ತಕರ ಕತೆಯನ್ನೂ ಹೇಳಿದರೆ ಪಾಠ ಪೂರ್ತಿಯಾದೀತು.