ಕಬಿನಿಯ ನೀರಿನ ಕೆಳಗೆ ಏನಿದೆ?

ಇವತ್ತು ಕಬಿನಿಗೆ ಹೋಗೋಣ.

ಹೋಗಿಲ್ಲದವರೂ ರೀಲ್ಸ್‌ನಲ್ಲಿ ನೋಡಿರ್ತೀರಿ. ಕರಿಚಿರತೆ, ಹಸಿರು ದಡದಲ್ಲಿ ಆನೆ ಹಿಂಡು, ನೀರಿನ ನಡುವೆ ಎಲೆಯಿಲ್ಲದ ಒಣಮರ, ಅದರ ಮೇಲೆ ರೆಕ್ಕೆ ಹರಡಿಕೊಂಡು ಕೂತ ನೀರುಕಾಗೆ. ಎಚ್.ಡಿ. ಕೋಟೆ ತಾಲ್ಲೂಕಿನ ಈ ಹಿನ್ನೀರಿನ ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ. ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು. ದೋಣಿ ಸಫಾರಿಯಲ್ಲಿ ಮೊದಲ ಸಲ ಕೂತಾಗ, ಇದು ಮನುಷ್ಯರ ಕೈ ಸೋಕದ ಜಾಗ ಅಂತಲೇ ನನಗೆ ಅನ್ನಿಸಿತ್ತು. ಆಮೇಲೆ ಆ ಒಣಮರ ತಲೆ ಕೊರೆಯೋಕೆ ಶುರುವಾಯ್ತು. ನೀರಿನ ಮಧ್ಯೆ ಮರ ಹೇಗೆ ಬೆಳೀತು?

ಮರ ಮೊದಲೇ ಇತ್ತು. ನೀರು ಆಮೇಲೆ ಬಂತು.

ವಯನಾಡಿನಲ್ಲಿ ಹುಟ್ಟಿ ತಿ. ನರಸೀಪುರದಲ್ಲಿ ಕಾವೇರಿಗೆ ಸೇರುವ ಈ ನದಿಗೆ ಕಪಿಲಾ ಅಂತಲೂ ಹೆಸರು. ಇದಕ್ಕೆ ಕಟ್ಟಿದ ಅಣೆಕಟ್ಟು ಮುಗಿದದ್ದು 1974ರಲ್ಲಿ. ಅಂದ್ರೆ ನಾವು ಫೋಟೋ ತೆಗೆಯೋ ಈ ದೃಶ್ಯಕ್ಕೆ ಹೆಚ್ಚೂಕಡಿಮೆ ನಮ್ಮ ಅಪ್ಪ ಅಮ್ಮಂದಿರ ವಯಸ್ಸು. ಅದಕ್ಕೂ ಮುಂಚೆ ಇಲ್ಲಿದ್ದದ್ದು ಕಾಕನಕೋಟೆಯ ಕಾಡು. ಆ ಕಾಡು ಆಗ ಹೆಸರುವಾಸಿಯಾಗಿದ್ದದ್ದು ಆನೆ ನೋಡೋದಕ್ಕಲ್ಲ, ಆನೆ ಹಿಡಿಯೋದಕ್ಕೆ.

ಖೆಡ್ಡಾ ಅನ್ನೋ ಪದ ಕೇಳಿರ್ತೀರಿ. ಮೈಸೂರು ಸೀಮೆಯಲ್ಲಿ ಅದನ್ನು ಯಶಸ್ವಿಯಾಗಿ ಮಾಡಿ ತೋರಿಸಿದವನು ಜಿ.ಪಿ. ಸ್ಯಾಂಡರ್ಸನ್, ನಾಲೆಗಳ ಉಸ್ತುವಾರಿ ನೋಡಿಕೊಳ್ತಿದ್ದ ಬ್ರಿಟಿಷ್ ಅಧಿಕಾರಿ. 1870ರ ದಶಕದಲ್ಲಿ, ಚಾಮರಾಜನಗರದ ಕಡೆಯ ಕಾಡಿನಲ್ಲಿ. 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ಒಂದು ಸ್ವಾರಸ್ಯದ ವಿಷಯ ಹೇಳ್ತಾನೆ. ತನಗಿಂತ ಸುಮಾರು ನೂರು ವರ್ಷ ಮೊದಲು ಹೈದರಾಲಿ ಇದೇ ಕಾಕನಕೋಟೆಯಲ್ಲಿ ಆನೆ ಹಿಂಡು ಹಿಡಿಯೋಕೆ ಹೋಗಿ ಸೋತನಂತೆ. ಮುಂದೆ ಯಾರಿಂದಲೂ ಇದು ಆಗಲ್ಲ, ಕೈ ಹಾಕಿದವರಿಗೆ ಶಾಪ ತಟ್ಟಲಿ ಅಂತ ಕಲ್ಲಿನಲ್ಲಿ ಬರೆಸಿಬಿಟ್ಟನಂತೆ. ಸೋತ ಸಿಟ್ಟು ಅಂದ್ರೆ ಇದು ನೋಡಿ!

ಶಾಪಕ್ಕೆ ಯಾರೂ ಹೆದರಲಿಲ್ಲ. ಕಾಕನಕೋಟೆಯ ಖೆಡ್ಡಾ ಮುಂದೆ ಮೈಸೂರು ಅರಸರು ತಮ್ಮ ದೊಡ್ಡ ಅತಿಥಿಗಳಿಗೆ ತೋರಿಸೋ ಪ್ರದರ್ಶನವೇ ಆಯ್ತು. ದಿನಗಟ್ಟಲೆ ಕಾಡಿನಲ್ಲಿ ಸುತ್ತುವರಿದು, ತಮಟೆ, ಕೂಗು, ಬೆಂಕಿಯಿಂದ ಹಿಂಡನ್ನು ಹೊಳೆಯ ಕಡೆಗೆ ಅಟ್ಟೋರು. ಹಿಂದಿನಿಂದ ಸಾಕಾನೆಗಳು. ಗಾಬರಿ ಬಿದ್ದ ಹಿಂಡು ಮರಿಗಳ ಸಮೇತ ನೀರಿಗಿಳಿದು ಆಚೆ ದಡ ಹತ್ತಿದ್ರೆ, ಅಲ್ಲಿ ದಿಮ್ಮಿ ನೆಟ್ಟ ಬೇಲಿ ಕಾಯ್ತಿತ್ತು. ಅತಿಥಿಗಳು ಕೂತು ನೋಡೋರು. ಆಮೇಲೆ ಹಗ್ಗ, ಹಸಿವು, ಪಳಗಿಸೋ ಕೆಲಸ. ಗಾಯಗೊಂಡು ಸತ್ತವೂ ಇದ್ದವು.

ಇದು ಹಳೇ ಕಾಲದ ಮಾತು ಅಂದ್ಕೋಬೇಡಿ. ಎಂಟು ಸಲ ದಸರಾದ ಚಿನ್ನದ ಅಂಬಾರಿ ಹೊತ್ತ ಅರ್ಜುನ ನೆನಪಿದ್ದಾನಲ್ವಾ? ಅವನನ್ನು ಹಿಡಿದದ್ದು 1968ರಲ್ಲಿ, ಕಾಕನಕೋಟೆಯ ಖೆಡ್ಡಾದಲ್ಲಿ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲೇ ಅರ್ಜುನ ಸತ್ತ. ಹಿಡಿಸಿಕೊಂಡವನು ಹಿಡಿಯೋಕೆ ಹೋಗಿ ಪ್ರಾಣ ಬಿಟ್ಟ.

ಈ ಎಲ್ಲದರಲ್ಲಿ ಕಾಡಿನ ಜಾಡು ಹಿಡಿದವರು, ಹಿಂಡು ಅಟ್ಟಿದವರು, ಹಿಡಿದ ಆನೆ ಪಳಗಿಸಿದವರು ಯಾರು? ಬಹುಪಾಲು ಜೇನುಕುರುಬರು, ಬೆಟ್ಟಕುರುಬರು. ಸ್ಯಾಂಡರ್ಸನ್ ಹೆಸರು ಉಳೀತು, ಇವರ ಹೆಸರು ಎಲ್ಲೂ ಇಲ್ಲ. ಕಾಡುಕುರುಬರಿಗೂ ಮೈಸೂರು ಅರಸೊತ್ತಿಗೆಗೂ ಇದ್ದ ಸಂಬಂಧವನ್ನೇ ಇಟ್ಕೊಂಡು ಮಾಸ್ತಿಯವರು ‘ಕಾಕನಕೋಟೆ’ ನಾಟಕ ಬರೆದ್ರು. 1977ರಲ್ಲಿ ಅದು ಸಿ.ಆರ್. ಸಿಂಹ ನಿರ್ದೇಶನದಲ್ಲಿ ಸಿನಿಮಾ ಆಯ್ತು. ಅಷ್ಟು ಹೊತ್ತಿಗೆ ಆ ಕಾಡಿನ ದೊಡ್ಡ ಭಾಗ ನೀರಿನಡಿಗೆ ಹೋಗಿತ್ತು.

ಸಿನಿಮಾ ಅಂದಾಗ ಇನ್ನೊಂದು ನೆನಪಾಯ್ತು. ಈಗ ಸರ್ಕಾರಿ ಜಂಗಲ್ ಲಾಡ್ಜ್ ಇರೋ ಕಾರಾಪುರದಲ್ಲೇ 1924ರಲ್ಲಿ ಮಾವುತರೊಬ್ಬರ ಮಗ ಹುಟ್ಟಿದ, ಹೆಸರು ಸಾಬು. 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಅವನು ಹಾಲಿವುಡ್‌ವರೆಗೂ ಹೋದ. ಅದೇ ಒಂದು ಸಂಚಿಕೆಗಾಗೋ ಕಥೆ, ಇನ್ನೊಮ್ಮೆ ಹೇಳ್ತೀನಿ.

ಅಣೆಕಟ್ಟಿಗೆ ಬರೋಣ. ಕಾಡಿನ ಜೊತೆ 20ಕ್ಕೂ ಹೆಚ್ಚು ಹಳ್ಳಿಗಳೂ ಮುಳುಗಿದವು. ಆನೆಗಳ ಓಡಾಟದ ದಾರಿಯೂ ಮುಳುಗಿತು. ಆದ್ರೆ ಯಾರೂ ಯೋಜನೆ ಹಾಕದ ಒಂದು ಸಂಗತಿ ಆಯ್ತು. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಂತೆ ತೆರೆದುಕೊಳ್ಳೋ ಕೆಸರುನೆಲದಲ್ಲಿ ಎಳೆ ಹುಲ್ಲು ಚಿಗುರೋಕೆ ಶುರುವಾಯ್ತು. ಸುತ್ತಲಿನ ಕಾಡೆಲ್ಲ ಒಣಗಿರೋ ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ನೀರೂ ಇದೆ, ಮೇವೂ ಇದೆ. ನಾಗರಹೊಳೆ, ಬಂಡೀಪುರ, ವಯನಾಡಿನ ಆನೆಗಳು ಇಲ್ಲಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರೋ ಜಾಗ ಬಹಳ ಕಡಿಮೆ. ಹಿಂಡುಗಳನ್ನು ಅಟ್ಟಿಕೊಂಡು ಬರ್ತಿದ್ದ ಅದೇ ಹೊಳೆಗೆ ಈಗ ಅವು ತಾವಾಗಿ ಬರ್ತಿವೆ. ಹಾಗಂತ ಅಣೆಕಟ್ಟು ಕಟ್ಟಿದ್ದೇ ಒಳ್ಳೇದಾಯ್ತು ಅನ್ನೋ ವಾದ ನನಗೆ ಒಪ್ಪಿಗೆಯಿಲ್ಲ. ಮುಳುಗಿದ ಕಾಡಿನಲ್ಲಿ ಏನೇನಿತ್ತು ಅಂತ ಲೆಕ್ಕ ಇಟ್ಟವರು ಯಾರು?

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮರುವರ್ಷವೇ ಬಂಡೀಪುರ ಹುಲಿ ಯೋಜನೆಗೆ ಸೇರಿತು, 1999ರಲ್ಲಿ ನಾಗರಹೊಳೆಯೂ ಸೇರಿತು. ಬೇಟೆ ನಿಂತಿತು, ಹುಲಿ ಉಳೀತು. ಅದು ನಿಜವಾದ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದೇ ಹೊತ್ತಿನಲ್ಲಿ ಹಾಡಿಗಳನ್ನು ಕಾಡಿನಿಂದ ಆಚೆ ಹಾಕಲಾಯ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಕಾನೂನು. ಕಾಫಿ ತೋಟದ ಲೈನ್‌ಮನೆಗಳಿಗೆ ಕೂಲಿಗೆ ಹೋದವರು ಎಷ್ಟೋ ಮಂದಿ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಅರ್ಜಿ ಹಿಡ್ಕೊಂಡು ಅಲೆಯೋದು ತಪ್ಪಲಿಲ್ಲ. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗೆ, ಕರಡಿಕಲ್ಲು ಬಳಿ, ಇದು ನಮ್ಮ ಹಿರಿಯರ ಜಾಗ ಅಂತ ವಾಪಸ್ ಹೋಗಿ ಗುಡಿಸಲು ಹಾಕಿದ್ರು. ಅರಣ್ಯ ಇಲಾಖೆ ಒಪ್ಪಲಿಲ್ಲ.

ಇಷ್ಟಾದ್ರೂ ಸಾಕಾನೆ ಶಿಬಿರಗಳಲ್ಲಿ ಮಾವುತರಾಗಿ, ಕಾಡಿನ ವಾಚರ್‌ಗಳಾಗಿ ಇವತ್ತಿಗೂ ದುಡೀತಿರೋರಲ್ಲಿ ಇದೇ ಸಮುದಾಯದವರು ತುಂಬಾ ಜನ.

ಕಬಿನಿಗೆ ಹೋಗೋದಾದ್ರೆ ಬೇಸಿಗೆ ಕೊನೆಯಲ್ಲಿ ಹೋಗಿ. ನೀರು ಇಳಿದು ಒಣಮರಗಳ ಬುಡ ಕಾಣುತ್ತೆ. ಆನೆ ಬರೋವರೆಗೆ ಟೈಮ್ ಇದ್ರೆ, ಹಳೇ ಕಾಕನಕೋಟೆ ಯಾವ ಕಡೆಗಿತ್ತು ಅಂತ ದೋಣಿಯವರನ್ನ ಕೇಳಿ ನೋಡಿ. ಮುಂದಿನ ವಾರ ಸಿಗೋಣ.