ಸಪ್ಪಳ ಮಾಡದ ರೊಕ್ಕ

ನಮ್ಮ ಆಯಿ ರೊಕ್ಕ ಇಡತಿದ್ದ ಜಾಗಾ ಎರಡ. ಒಂದು ಸೆರಗಿನ ಗಂಟು, ಇನ್ನೊಂದು ಸಾಸಿವಿ ಡಬ್ಬಿ. ಮೊಸರು, ಬೆಣ್ಣಿ ಮಾರಿ ಬಂದ ಒಂದರ ನೋಟು, ಎರಡರ ನೋಟು ನಾಕು ಮಡಿಕಿ ಮಾಡಿ ಒಳಗ ಸೇರಸತಿದ್ಲು. ಅಜ್ಜಗ ಸುಳಿವು ಸುದ್ದಾ ಹತ್ತತಿದ್ದಿಲ್ಲ. ಎಣ್ಣಿ, ಅರಿಶಿಣ ಹತ್ತಿ ಆ ನೋಟು ಹಳೇ ಅರಿವಿಯಂಗ ಮೆತ್ತಗ ಆಗಿರತಿದ್ದವು. ಹರದಿದ್ರ ಅನ್ನದ ಅಗಳು ತಿಕ್ಕಿ ಕಾಗದ ಅಂಟಸೂದು.

ಈ ಒಂದರ ನೋಟು ಹುಟ್ಟಿದ್ದ ಬೆಳ್ಳಿ ಕಮ್ಮಿ ಬಿದ್ದದ್ದಕ್ಕ, ಗೊತ್ತೇನ್ರಿ? ಮೊದಲನೇ ಮಹಾಯುದ್ಧದಾಗ ಬೆಳ್ಳಿ ತುಟ್ಟಿ ಆಗಿ, ಬಂದಾ ರೂಪಾಯಿ ಹೊಡಿಯಾಕ ಸಾಲದಂಗಾತು. 1917ರ ನವೆಂಬರ್ 30ಕ್ಕ ಐದನೇ ಜಾರ್ಜ್ ರಾಜನ ಚಿತ್ರ ಇದ್ದ ಕಾಗದದ ರೂಪಾಯಿ ಬಂತು. ಮರುವರ್ಷ ಎರಡೂವರಿ ರೂಪಾಯಿ ನೋಟೂ ಬಂತು. ಎರಡೂವರಿ! ಸಂತ್ಯಾಗ ಅದರ ಚಿಲ್ರಿ ಲೆಕ್ಕ ಹೆಂಗ ಮಾಡತಿದ್ರೋ ಏನೋ. 1926ರಾಗ ಒಂದರ ನೋಟು ನಿಂತು, ಎರಡನೇ ಯುದ್ಧದಾಗ, 1940ಕ್ಕ, ತಿರುಗಿ ಬಂತು. ಎರಡರ ನೋಟು 1943ಕ್ಕ. ಯುದ್ಧ ಮುಗದ ಎಷ್ಟೋ ವರ್ಷದ ಮ್ಯಾಲೂ ಆ ನೋಟಿನಿಂದ ನಮ್ಮ ಆಯಿ ಸಂಸಾರ ನಡೀತು.

ಆಮ್ಯಾಲೆ 1994ರಾಗ ಒಂದರದು, 1995ರಾಗ ಎರಡರದು, ಐದರದು ಛಾಪಿಸೂದು ಬಂದ್ ಮಾಡಿದ್ರು. ನೋಟು ರಾಶಿಗಟ್ಟಲೆ, ಅದರ ಕಿಮ್ಮತ್ತು ಮಾತ್ರ ಹಿಡಿಯಷ್ಟು. ಛಾಪಿಸಿದ ಖರ್ಚಿಗೆ ತಕ್ಕಂಗ ಬಾಳಿಕಿ ಬರೂದಿಲ್ಲ ಅಂತ ರಿಸರ್ವ್ ಬ್ಯಾಂಕಿನ ಲೆಕ್ಕ. ಲೆಕ್ಕ ಖರೇನ. ಹಳೇ ನೋಟು ನಡಿಯೂದಿಲ್ಲ ಅಂತೇನೂ ಅವರು ಹೇಳಿದ್ದಿಲ್ಲ, ಆದ್ರೂ ಕೈಯಾಗ ಬರೂದು ಕಮ್ಮಿ ಆತು. ಇಂಡಿಯಾ ನಕಾಶಿ ಇದ್ದ ಹನ್ನೊಂದು ಮೂಲಿ ಎರಡು ರೂಪಾಯಿ, ಒಂಬತ್ತು ಗ್ರಾಂ ತೂಕದ ದಪ್ಪನ್ನ ಐದು ರೂಪಾಯಿ ಬಂದವು. ಆಹೇರಿಗೆ ಮ್ಯಾಲಿನ ಒಂದು ರೂಪಾಯಿ ಲಕೋಟಿಗೆ ಅಂಟಿಸಿಕೊಂಡ ಬರಾಕ ಹತ್ತಿತು.

ಲೆಕ್ಕ ಹಾಕಿದವರಿಗೆ ಹೊಳೀದ ಮಾತೊಂದು ಇತ್ತು. ಬಿಲ್ಲಿ ಸಪ್ಪಳ ಮಾಡತಾವ.

ನಾ ಹತ್ತನೇತ್ತೆ ಇದ್ದಾಗ ಪರೀಕ್ಷಾ ಫೀ ಸಲುವಾಗಿ ಆಯಿ ಕೂಡಿಟ್ಟಿದ್ಲು. ಒಂದಿನ ಸಂಜಿಮುಂದ ಬೆಕ್ಕು ಡಬ್ಬಿ ಕೆಡವಿತು. ಖಣಖಣ ಅಂತ ಅಡಗಿಮನಿ ತುಂಬ ಚಿಲ್ರಿ. ಪಡಸಾಲ್ಯಾಗ ಕುಂತಿದ್ದ ಅಜ್ಜ ಎದ್ದು ಬಂದ. ಬೈಲಿಲ್ಲ. ಎಲ್ಲಾ ಆರಿಸಿ, ಎಣಿಸಿ, ಧೋತರದ ಚುಂಗಿನ್ಯಾಗ ಕಟಗೊಂಡು ಗೊಬ್ಬರದ ಅಂಗಡಿ ಬಾಕಿ ಮುಟ್ಟಿಸಾಕ ಹ್ವಾದ. ಬಾಕಿನೂ ಇತ್ತ ಬಿಡ್ರಿ, ಸುಳ್ಳಲ್ಲ. ಆದ್ರ ಅವತ್ತು ಆಯಿ ರೊಟ್ಟಿ ಬಡದ ಸಪ್ಪಳ ಓಣಿಗೆಲ್ಲಾ ಕೇಳಿತು.

ಫೀ ರೊಕ್ಕ ಬಾಜೂ ಮನಿ ಕಾಕು ಕೊಟ್ಲು. ಮೂರು ತಿಂಗಳ ಬೆಣ್ಣಿ ಹಾಕಿ ಆಯಿ ತೀರಿಸಿದ್ಲು. ಅಂದಿನಿಂದ ಚಿಲ್ರಿ ಹೋಗಿದ್ದು ಜ್ವಾಳದ ಹಿಟ್ಟಿನ ಡಬ್ಬಿಗೆ. ಹಿಟ್ಟಿನಾಗ ಹುಗದ್ರ ಎಷ್ಟು ಅಳ್ಳಾಡಿಸಿದ್ರೂ ಸಪ್ಪಳಿಲ್ಲ. ಒಮ್ಮೆ ನಾ ಹಿಟ್ಟು ನಾದೂಮುಂದ ಕೈಗೆ ಎರಡು ರೂಪಾಯಿ ಹತ್ತಿತು. ಆಯಿ ಕಣ್ಣ ಸನ್ನಿ ಮಾಡಿದ್ಲು, ತೊಳದು ಮತ್ತ ಹುಗದೆ.

ಈಗ ಹತ್ತರ ನಾಣ್ಯದ ಪಾಳಿ. ಗೆರಿ ಹತ್ತು ಇದ್ರ ಖರೇದು, ಹದಿನೈದು ಇದ್ರ ಖೋಟಾ ಅಂತ ಯಾರೋ ಹಬ್ಬಿಸಿದ್ರು. ಹದಿನಾಕು ನಮೂನಿ ಅದಾವ, ಎಲ್ಲಾ ನಡೀತಾವ ಅಂತ 2018ರ ಜನವರಿಯಾಗ ರಿಸರ್ವ್ ಬ್ಯಾಂಕ್ ಸ್ಪಷ್ಟ ಹೇಳೇತಿ. ಒಂದು ಸಲಕ್ಕ ಸಾವಿರ ರೂಪಾಯಿ ತನಕ ಇಂಥ ಚಿಲ್ರಿ ಕೊಟ್ರ ಕಾಯಿದೆ ಪ್ರಕಾರ ಅದು ರೊಕ್ಕನ. ಆದ್ರ ನಮ್ಮ ಓಣಿಗೆ ಸೊಪ್ಪು ತರೂ ಅಕ್ಕಗ ಕಿರಾಣಿ ಅಂಗಡಿಯಾಂವ "ಇವು ನಡಿಯೂದಿಲ್ಲಬೇ" ಅಂತ ಇಪ್ಪತ್ತಾರು ಬಿಲ್ಲಿ ತಿರುಗಿ ಕೊಟ್ಟಾನ. ಹಿಂದಿನ ವಾರ ಅಕಿ ಕಟ್ಟಿಮ್ಯಾಲೆ ಕುಂತು ಅಳಾಕ ಹತ್ತಿದ್ಲು. ಎಲ್ಲಾ ನಾನ ತಗೊಂಡು ನೋಟು ಕೊಟ್ಟೆ. ಹಾಲಿನವಗ, ಬಸ್ಸಿಗೆ, ಗುಡಿ ಮುಂದಿನ ಹೂವಿಗೆ ಅಂತ ಜಗಳಾಡಿ ಹದಿನೈದು ನಡಿಸೇನಿ. ಇನ್ನೂ ಹನ್ನೊಂದು ಹಿಟ್ಟಿನ ಡಬ್ಬಿ ಬಾಜೂಕ ಅದಾವ. ಯಾರಿಗರ ಬೇಕಿದ್ರ ಬಂದು ಒಯ್ರಿ.